ಅಕ್ಕಿಯ ಪರಾತದಲ್ಲಿ ಬರೆದ ಹೆಸರು

ಫೈಲಿನ ಮೊದಲ ಪುಟಕ್ಕೆ ಎರಡು ಫೋಟೊ ಅಂಟಿಸಿದ್ದರು. ಮುಖ ಒಂದೇ, ಹೆಸರು ಎರಡು. ಕರೆಯುವ ಹೆಸರು ಬೇರೆ, ನಡುವಿನ ಹೆಸರು ಬೇರೆ, ಅಡ್ಡಹೆಸರೂ ಬೇರೆ. ಪೊಲೀಸ್ ಅಧಿಕಾರಿ ಕೆಳಗೆ ‘ಒಬ್ಬ ಹೆಂಗಸು, ಎರಡು ಗುರುತು’ ಎಂದು ಬರೆದು ಗೆರೆ ಎಳೆದಿದ್ದ. ಹುಟ್ಟಿದ ಊರು ನೋಡಿದೆ: ಧಾರವಾಡ. ನೋಡಿದ ಕೂಡಲೇ ನನಗೆ ಇಡೀ ಕೇಸು ತಿಳಿದುಹೋಯಿತು. ನನಗೆ ತಿಳಿದದ್ದೇ ಮುಂದಿನ ತಾಪತ್ರಯಕ್ಕೆಲ್ಲ ಕಾರಣವೂ ಆಯಿತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಧಾರವಾಡದ ಕೋರ್ಟಿನಲ್ಲಿ ಕರಿ ಕೋಟು ಹಾಕಿ ವಾದ ಮಾಡಿ ಬಂದವಳು. ಲಂಡನ್ನಿಗೆ ಬಂದ ಮೇಲೆ ಆ ಕೋಟಿಗೆ ಇಲ್ಲಿ ಬೆಲೆಯಿಲ್ಲ, ಮತ್ತೆ ಪರೀಕ್ಷೆ ಬರೆಯಬೇಕು ಅಂದರು. ಹಗಲು ಪಶ್ಚಿಮ ಲಂಡನ್ನಿನ ಸರ್ಕಾರಿ ಪ್ರಾಸಿಕ್ಯೂಷನ್ ಕಚೇರಿಯಲ್ಲಿ ಟ್ರೇನಿ ಕೆಲಸ, ಸಂಜೆ ಕ್ರಿಮಿನಲ್ ಕಾನೂನಿನ ಕ್ಲಾಸು, ಗ್ರೀನ್‌ಫರ್ಡಿಗೆ ವಾಪಸು ಮನೆಗೆ ಬರುವ ಟ್ಯೂಬ್ ರೈಲಿನಲ್ಲಿ ಓದು. ಪಕ್ಕದಲ್ಲಿ ಕೂತವರು ನನ್ನ ಪುಸ್ತಕದಲ್ಲಿ ‘ಕೊಲೆ’ ಎಂಬ ಅಧ್ಯಾಯದ ಹೆಸರು ಓದಿ ಸ್ವಲ್ಪ ಸರಿದು ಕೂಡುತ್ತಿದ್ದರು. ನನಗೇನು, ಆರಾಮಾಗಿ ಕೂಡಲು ಜಾಗ ಸಿಗುತ್ತಿತ್ತು.

ಕ್ಲಾಸಿನಲ್ಲಿ ನನಗೆ ಒಗ್ಗದೆ ಇದ್ದದ್ದು ಒಂದೇ ವಿಷಯ, ಪ್ರಾಸಿಕ್ಯೂಟರನ ವಿವೇಚನಾಧಿಕಾರ. ನಮ್ಮ ಕಡೆ ಪೊಲೀಸರು ಚಾರ್ಜ್‌ಶೀಟ್ ಹಾಕಿದರೆ ಸರ್ಕಾರಿ ವಕೀಲ ಅದನ್ನು ಹೊತ್ತುಕೊಂಡು ಹೋಗುವುದೇ ರೂಢಿ. ಇಲ್ಲಿ ಹಾಗಲ್ಲ. ಪೊಲೀಸರು ಆರೋಪ ಹೊರಿಸಿದ ಮೇಲೂ ಪ್ರಾಸಿಕ್ಯೂಟರು ಎರಡು ಪ್ರಶ್ನೆ ಕೇಳಬೇಕು. ಶಿಕ್ಷೆ ಆಗುವಷ್ಟು ಪುರಾವೆ ಇದೆಯೇ? ಇದ್ದರೆ, ಈ ಕೇಸು ನಡೆಸುವುದು ಸಾರ್ವಜನಿಕರ ಹಿತಕ್ಕೆ ಬೇಕೇ? ಎರಡರಲ್ಲಿ ಯಾವುದಕ್ಕೆ ‘ಇಲ್ಲ’ ಬಂದರೂ ಕೇಸು ನಿಲ್ಲಿಸಬಹುದು, ನಿಲ್ಲಿಸಬೇಕು. ಪಾಠ ಹೇಳುವ ಮೇಡಮ್ಮು ಪ್ರತಿ ವಾರ ಒಂದೇ ಮಾತು ಕುಟ್ಟುತ್ತಿದ್ದರು: “ಮೊದಲನೆಯದನ್ನು ದಾಟದೆ ಎರಡನೆಯದಕ್ಕೆ ಕೈ ಹಾಕಬೇಡಿ. ಕರುಣೆ ಪುರಾವೆಯ ಜಾಗದಲ್ಲಿ ಕೂಡುವಂತಿಲ್ಲ.” ಬರೆದುಕೊಂಡಿದ್ದೆ. ತಲೆಗೆ ಹೋಗಿರಲಿಲ್ಲ.

ಫೈಲಿನ ಹೆಂಗಸು ಏರ್‌ಪೋರ್ಟಿನ ಹತ್ತಿರದ ಫೆಲ್ಥಮ್‌ನಲ್ಲಿ ಇದ್ದಳು. ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ. ಅವಳ ನಿಜವಾದ ಹೆಸರು ಇಲ್ಲಿ ಹೇಳುವಂತಿಲ್ಲ. ಹುಟ್ಟಿದ ಹೆಸರು ಸುಮಾ, ಮದುವೆಯ ಹೆಸರು ವೈದೇಹಿ ಅಂತ ಇಟ್ಟುಕೊಳ್ಳೋಣ. ಎರಡು ಹೆಸರಿದ್ದದ್ದಕ್ಕೆ ಕೋರ್ಟು ಕಂಡವಳಿಗೆ ನಾನು ಮತ್ತೆರಡು ಕೊಟ್ಟಂತಾಯಿತು, ಕ್ಷಮಿಸಲಿ.

ನಡೆದದ್ದು ಇಷ್ಟು. ಮದುವೆಗೆ ಮುಂಚೆ ಅವಳು ಲಂಡನ್ನಿನ ಎಜ್‌ವೇರ್‌ನಲ್ಲಿದ್ದ ಅಣ್ಣನ ಮನೆಗೆ ಬಂದು ಕೆಲವು ತಿಂಗಳು ಇದ್ದು ಹೋಗಿದ್ದಳು, ಸುಮಾ ಎಂಬ ಪಾಸ್‌ಪೋರ್ಟಿನಲ್ಲಿ. ಆಮೇಲೆ ಮದುವೆಯಾಗಿ ವೈದೇಹಿ ಎಂಬ ಹೊಸ ಪಾಸ್‌ಪೋರ್ಟಿನಲ್ಲಿ ಬಂದಳು. ಅದರಲ್ಲಿ ಹಳೆಯದರ ಪ್ರಸ್ತಾಪವೇ ಇಲ್ಲ. ಅಡುಗೆಮನೆ ಕೆಲಸಕ್ಕೆ ಏರ್‌ಪೋರ್ಟ್ ಪಾಸ್ ಬೇಕು. ಪಾಸಿಗೆ ಅರ್ಜಿ ಹಾಕುವಾಗ ‘ನಿಮಗೆ ಬೇರೆ ಹೆಸರು ಇದೆಯೇ’ ಎಂದು ಕೇಳಿದ್ದರು. ಇಲ್ಲ ಅಂದಿದ್ದಳು. ಪಾಸ್ ನವೀಕರಿಸುವಾಗ ಓದಿದ ಪ್ರಮಾಣಪತ್ರ ತನ್ನಿ ಅಂದರು. ಅದರಲ್ಲಿದ್ದದ್ದು ಸುಮಾ ಎಂಬ ಹೆಸರು. ಇವಳು ಪ್ರಮಾಣಪತ್ರದ ಜೊತೆ ಹಳೆ ಪಾಸ್‌ಪೋರ್ಟನ್ನೂ ತಾನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಕೌಂಟರಿನ ಮೇಲೆ ಇಟ್ಟಳು. ಸಂಜೆಯೊಳಗೆ ಪೊಲೀಸ್ ಠಾಣೆಯಲ್ಲಿದ್ದಳು.

ಆರೋಪ, ಸುಳ್ಳು ಹೇಳಿ ಉದ್ಯೋಗ ಗಿಟ್ಟಿಸಿದ್ದು. ಶಿಕ್ಷೆಯಾದರೆ ಪಾಸ್ ಹೋಗುತ್ತದೆ, ಪಾಸ್ ಹೋದರೆ ಕೆಲಸ ಹೋಗುತ್ತದೆ, ಇಲ್ಲಿ ನೆಲೆಸುವ ಅನುಮತಿಗೂ ಸಂಚಕಾರ ಬರುತ್ತದೆ. ಗಂಡ ಇಲ್ಲಿ, ಮಗಳು ಇಲ್ಲಿನ ಶಾಲೆಯಲ್ಲಿ. ಅವಳೊಬ್ಬಳನ್ನೇ ಊರಿಗೆ ವಾಪಸು ವಿಮಾನ ಹತ್ತಿಸಬಹುದಿತ್ತು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಯ ದಿನ ಪರಾತದಲ್ಲಿ, ಅಂದರೆ ಅಗಲ ತಟ್ಟೆಯಲ್ಲಿ, ಅಕ್ಕಿ ಹರಡಿ, ಗಂಡು ಬಂಗಾರದ ಉಂಗುರದಿಂದ ಹೆಣ್ಣಿನ ಹೊಸ ಹೆಸರು ಬರೆಯುತ್ತಾನೆ. ನಡುವಿನ ಅಪ್ಪನ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಗಂಡನದೇ. ಬೆಳಿಗ್ಗೆ ಎದ್ದ ಹುಡುಗಿಯೇ ಬೇರೆ, ಸಂಜೆ ಹಾಲು ಕುಡಿಯುವ ಹೆಂಡತಿಯೇ ಬೇರೆ. ನನಗೆ ಈ ಪದ್ಧತಿ ಕಂಡರೆ ಮೈ ಉರಿಯುತ್ತಿತ್ತು. ನನ್ನ ಮದುವೆಯಲ್ಲಿ “ಹೆಸರು ಬದಲಿ ಮಾಡಿದ್ರ ಪರಾತ ತಿರುವಿ ಹಾಕ್ತೀನಿ” ಅಂದಿದ್ದೆ. ಗಂಡ ಹೆದರಿ ನನ್ನ ಹೆಸರನ್ನೇ ಬರೆದ. ಅತ್ತೆ ಬಹಳ ದಿನ ಮಾತು ಬಿಟ್ಟರು. ಅಂಥವಳು ಈಗ ಅದೇ ಪರಾತದ ಪರವಾಗಿ ಕೂಡಬೇಕಾಗಿ ಬಂತು ನೋಡಿ.

ಕೂತು ಟಿಪ್ಪಣಿ ಬರೆದೆ. ಸೊಗಸಾಗಿಯೇ ಬರೆದೆ. ದುಡಿಯುವ ಹೆಂಗಸು, ಸಣ್ಣ ಮಗಳು, ಹಿಂದೆ ಯಾವ ಅಪರಾಧವೂ ಇಲ್ಲ, ಕೇಸು ನಡೆಸುವುದರಿಂದ ಯಾರಿಗೂ ಹಿತವಿಲ್ಲ. ನನ್ನ ಮೇಲಿನ ಹಿರಿಯ ಪ್ರಾಸಿಕ್ಯೂಟರು ನಿವೃತ್ತಿಗೆ ಹತ್ತಿರವಾಗಿದ್ದ ಸ್ಕಾಟ್ಲೆಂಡಿನ ಮನುಷ್ಯ. ಮಾತು ಕಡಿಮೆ, ಚಹಾ ಜಾಸ್ತಿ. ಓದಿ ನನ್ನ ಮುಂದೆ ಇಟ್ಟರು.

“ನೀವು ಎರಡನೆಯ ಪ್ರಶ್ನೆಯಿಂದ ಶುರು ಮಾಡಿದ್ದೀರಿ.”

ನನಗೆ ಕಿವಿಯವರೆಗೂ ಬಿಸಿಯಾಯಿತು. “ಸರ್, ಇದು ಅಪರಾಧವೇ ಅಲ್ಲ. ನಮ್ಮ ಊರಲ್ಲಿ ಎಲ್ಲರೂ ಹೆಸರು ಬದಲಿಸುತ್ತಾರೆ. ನನಗೆ ಗೊತ್ತು.”

“ಆ ಹೆಂಗಸು ನಿಮಗೆ ಗೊತ್ತೇ?”

“ಇಲ್ಲ.”

“ಅವಳ ಮನೆಯವರು?”

“ಯಾರೂ ಗೊತ್ತಿಲ್ಲ.”

“ಹಾಗಿದ್ದರೆ ಫೈಲು ನಿಮ್ಮ ಹತ್ತಿರ ಇರಬಹುದು. ಒಂದೇ ಊರಿನವಳು ಅಂತ ಮೇಲೆ ಬರೆದಿಡಿ. ಆದರೆ ನಿಮಗೆ ಗೊತ್ತಿರುವುದು ಪುರಾವೆಯಲ್ಲ. ಪರಿಶೀಲಿಸುವವರೂ ನೀವೇ, ಸಾಕ್ಷಿಯೂ ನೀವೇ ಆಗುವುದಕ್ಕೆ ಬರುವುದಿಲ್ಲ. ಇನ್ನೊಂದು ಮಾತು. ದುಭಾಷಿಯ ಹೇಳಿಕೆ ಓದಿದಿರಾ?”

ಓದಿರಲಿಲ್ಲ. ಸಿಟ್ಟಿನಲ್ಲಿ ಕೊನೆಯ ಪುಟಗಳನ್ನು ಬಿಟ್ಟುಬಿಟ್ಟಿದ್ದೆ. ವಿಚಾರಣೆಗೆ ಪೊಲೀಸರು ಕನ್ನಡದ ದುಭಾಷಿಯನ್ನು ಕರೆಸಿದ್ದರು. ಮೈಸೂರಿನವರು, ಬಹಳ ಸಭ್ಯರು. ಅಧಿಕಾರಿ ಅವರನ್ನು, ‘ನಿಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸು ತನ್ನ ಸ್ವಂತ ಹೆಸರನ್ನೇ ಬದಲಿಸುವ ಪದ್ಧತಿ ಇದೆಯೇ’ ಎಂದು ಕೇಳಿದ್ದ. ಅವರು ಪ್ರಾಮಾಣಿಕವಾಗಿ, ‘ನಾನು ಕಂಡಿಲ್ಲ, ನಮ್ಮಲ್ಲಿ ಅಡ್ಡಹೆಸರೇ ಇರುವುದಿಲ್ಲ’ ಎಂದು ಬರೆದುಕೊಟ್ಟಿದ್ದರು. ಸಹಿ ಬೇರೆ. ಅಯ್ಯೋ ನಮ್ಮ ಕರ್ನಾಟಕವೇ ಅಂದುಕೊಂಡೆ. ತುಂಗಭದ್ರೆ ದಾಟಿದರೆ ಸಾರಿಗೆ ಹಾಕುವ ಬೆಲ್ಲವೇ ಬದಲಾಗುತ್ತದೆ, ಅದನ್ನು ಫೆಲ್ಥಮ್‌ನ ಪೊಲೀಸನಿಗೆ ಯಾರು ಹೇಳಬೇಕು?

ಇದಕ್ಕಿಂತ ಕೆಟ್ಟದ್ದು ವಿಚಾರಣೆಯ ಟೇಪು. ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಬೇರೆ ಹೆಸರು ಯಾಕೆ ಹೇಳಲಿಲ್ಲ ಅಂದರೆ, “ಅದು ಈಗ ನನ್ನ ಹೆಸರು ಅಲ್ಲರೀ” ಅಂದಿದ್ದಳು. ಅಷ್ಟು ಸರಿ. ಆಮೇಲೆ ಅಧಿಕಾರಿ ಕೇಳಿದ, “ನಿಮ್ಮ ಗಂಡನ ಹೆಸರು?” ಮೌನ. ಮತ್ತೆ ಕೇಳಿದ. ಬಟ್ಟೆ ಸರಿದ ಸಪ್ಪಳ, ಮೂಗಿನಲ್ಲಿ ಸಣ್ಣ ನಗೆ. ಮತ್ತೆ ಮೌನ. “ಅವರು ಕೆಲಸದ ಮ್ಯಾಲೆ ಹೋಗ್ಯಾರ್ರೀ. ಬಂದಮ್ಯಾಲೆ ಅವರನ್ನಽ ಕೇಳ್ರಿ.” ಅಧಿಕಾರಿ ಬರೆದಿದ್ದು: ‘ತನ್ನ ಪಾಸ್‌ಪೋರ್ಟಿನಲ್ಲೇ ಇರುವ ಗಂಡನ ಹೆಸರು ಹೇಳಲು ನಿರಾಕರಿಸಿದಳು. ನಕ್ಕಳು. ಮದುವೆಯೇ ಸುಳ್ಳಿರಬಹುದು.’

ಆ ವೇಳೆಗೆ ಇಲ್ಲಿ ಕಾನೂನು ಬದಲಾಗಿತ್ತು. ಪೊಲೀಸರು ಕೇಳಿದಾಗ ಸುಮ್ಮನಿದ್ದರೆ ಆ ಮೌನವನ್ನು ಕೋರ್ಟು ಆರೋಪಿಯ ವಿರುದ್ಧ ಎಣಿಸಬಹುದಿತ್ತು. ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮವರು ಮದುವೆ ಮಾತಿಗೆ ಹೇಳಿದ್ದನ್ನು ಇವರು ಜೈಲಿಗೆ ಹೇಳಿದ್ದರು. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಂಬಿ ಬೆಳೆದವಳು ಅವಳು. ಬರೆ ಅಂದಿದ್ದರೆ ಬರೆದುಕೊಡುತ್ತಿದ್ದಳು. ಯಾರೂ ಕೈಗೆ ಪೆನ್ನು ಕೊಡಲಿಲ್ಲ.

ಆ ಸಂಜೆ ಕ್ಲಾಸಿನಲ್ಲಿ ಒಂದು ಅಕ್ಷರ ಕಿವಿಗೆ ಬೀಳಲಿಲ್ಲ. ಟ್ಯೂಬಿನಲ್ಲಿ ಕೂತಾಗ ಸಿಟ್ಟು ಇಳಿದು ಬುದ್ಧಿ ಹತ್ತಿತು. ನಾನು ಇಷ್ಟು ಹೊತ್ತು ಮಾಡಿದ್ದು ವಕಾಲತ್ತು, ಅದೂ ಆರೋಪಿಯ ಪರ. ನನ್ನ ಕುರ್ಚಿ ಅದಲ್ಲ. ನನ್ನ ಕೈಯಲ್ಲಿದ್ದದ್ದು ಬೇರೆ ಆಯುಧ. ತನಿಖೆ ಮಾಡುವವರು ಆರೋಪಿಯ ವಿರುದ್ಧ ಹೋಗುವ ದಾರಿಗಳಷ್ಟೇ ಅಲ್ಲ, ಅವಳ ಪರವಾಗಿ ಹೋಗುವ ದಾರಿಗಳನ್ನೂ ಹಿಡಿದು ನೋಡಬೇಕು ಎಂಬ ನಿಯಮ ಆಗಷ್ಟೇ ಬಂದಿತ್ತು. ಪರೀಕ್ಷೆಗೆ ಗಟ್ಟಿ ಮಾಡಿದ್ದೆ. ಮೊದಲನೆಯ ಪ್ರಶ್ನೆಯನ್ನೇ ಕೇಳೋಣ ಅಂದುಕೊಂಡೆ. ಈ ಆರೋಪಕ್ಕೆ ಬೇಕಾದ ಮೂಲಸಾಮಗ್ರಿ ಅಪ್ರಾಮಾಣಿಕತೆ. ಅದಕ್ಕೆ ಪುರಾವೆ ಎಲ್ಲಿದೆ? ಅದನ್ನು ಅಲ್ಲಗಳೆಯುವಂಥದು ಎಲ್ಲಿ ಸಿಗಬಹುದು?

ಉತ್ತರ ನಮ್ಮ ಮನೆಯ ಟಿವಿಯ ಕೆಳಗೇ ಇತ್ತು. ಆ ಕಾಲಕ್ಕೆ ಲಂಡನ್ನಿನ ಯಾವ ಕನ್ನಡದವರ ಮನೆಗೆ ಹೋದರೂ ಕಾಫಿ ಕೊಟ್ಟು ಮದುವೆ ಕ್ಯಾಸೆಟ್ ಹಾಕುತ್ತಿದ್ದರು. ಓಡಿಹೋಗುವ ಹಾಗಿಲ್ಲ, ಚಕ್ಕುಲಿ ಬಾಯಲ್ಲಿರುತ್ತದೆ. ಅವಳ ಮದುವೆಗೂ ಕ್ಯಾಸೆಟ್ ಇರಲೇಬೇಕು, ಒಂದು ಪ್ರತಿ ಎಜ್‌ವೇರ್‌ನ ಅಣ್ಣನ ಮನೆಯಲ್ಲಿ ಇರಲೇಬೇಕು.

ಮರುದಿನ ಟಿಪ್ಪಣಿ ಹೊಸದಾಗಿ ಬರೆದೆ. ಮಗಳ ವಿಷಯ, ದುಡಿಮೆಯ ವಿಷಯ ತೆಗೆದುಹಾಕಿದೆ. ಮೂರು ಕೆಲಸ ಆಗಬೇಕು ಎಂದೆ. ಅಣ್ಣನ ಮನೆಯಿಂದ ಮದುವೆಯ ವಿಡಿಯೋ ತರಿಸಬೇಕು. ಉತ್ತರ ಕರ್ನಾಟಕದ ಪದ್ಧತಿ ಬಲ್ಲ ವಿದ್ವಾಂಸರೊಬ್ಬರ ಹೇಳಿಕೆ ಪಡೆಯಬೇಕು. ವಿಡಿಯೋವನ್ನು ಅದೇ ದುಭಾಷಿ ನೋಡಬೇಕು. ಹಿರಿಯರು ಓದಿ, ಚಹಾ ಮುಗಿಸಿ, ಸಹಿ ಮಾಡಿದರು.

ಪೊಲೀಸ್ ಅಧಿಕಾರಿ ಫೋನಿನಲ್ಲೇ ಸಿಡಿದ. “ನಮ್ಮ ಕೇಸು ಮುರಿಯುವುದಕ್ಕೆ ನಾವೇ ಸಾಮಾನು ಹುಡುಕಬೇಕೇ?”

“ಮುರಿಯುವಂಥದಾದರೆ ಕೋರ್ಟಿನಲ್ಲಿ ಮುರಿಯುವುದಕ್ಕಿಂತ ಇಲ್ಲಿ ಮುರಿಯಲಿ,” ಅಂದೆ.

ಕೋರ್ಟಿನಿಂದ ಮುಂದಿನ ತಾರೀಖು ಕೇಳಿಕೊಂಡೆವು. ವಿದ್ವಾಂಸರ ಹೇಳಿಕೆ ಬಂತು: ಆ ಭಾಗದ ಹಲವು ಮನೆತನಗಳಲ್ಲಿ ಇಂಥ ಪದ್ಧತಿ ಇದೆ, ಎಲ್ಲ ಮನೆಗಳಲ್ಲೂ ಇಲ್ಲ. ‘ಎಲ್ಲ ಮನೆಗಳಲ್ಲೂ ಇಲ್ಲ’ ಎಂಬ ಮಾತಿಗೆ ಅಧಿಕಾರಿ ಜೋತುಬಿದ್ದ. ಇವರ ಮನೆಯಲ್ಲಿ ಇತ್ತು ಅನ್ನುವುದಕ್ಕೆ ಏನಿದೆ? ಎಲ್ಲವೂ ಕ್ಯಾಸೆಟ್ಟಿನ ಮೇಲೆ ನಿಂತಿತು.

ಅಣ್ಣನ ಮನೆಯಿಂದ ಕ್ಯಾಸೆಟ್ ಬಂದ ದಿನ ಕಚೇರಿಯ ಮೀಟಿಂಗ್ ಕೋಣೆಗೆ ಟಿವಿಯನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಬಂದೆವು. ಹಿರಿಯರು, ಅಧಿಕಾರಿ, ಮೈಸೂರಿನ ದುಭಾಷಿ, ಮೂಲೆಯಲ್ಲಿ ನಾನು. ಬಾಯಿ ತೆರೆಯಕೂಡದು ಎಂದು ಹಿರಿಯರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ನನ್ನ ಬಾಯಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹೃದಯದಾಕಾರದ ಚೌಕಟ್ಟು, ಅದರೊಳಗೆ ಗಣಪತಿ, ಹಿಂದೆ ಸಿನಿಮಾ ಹಾಡು. ಬಂದವರೆಲ್ಲ ಕ್ಯಾಮೆರಾ ಕಂಡು ಕೂದಲು ಸರಿಮಾಡಿಕೊಂಡರು. ಅಕ್ಷತೆ ಬಿತ್ತು, ಮಾಲೆ ಬದಲಾಯಿತು. ಅಧಿಕಾರಿ ಆಕಳಿಸಿದ. ಕೊನೆಗೆ ಅಕ್ಕಿಯ ಪರಾತ ಬಂತು. ಉಂಗುರ ಕಂಡಿತು. ಮದುಮಗನ ಬೆರಳು ಅಕ್ಕಿಯ ಮೇಲೆ ಇಳಿಯಿತು. ನಾನು ಕುರ್ಚಿಯ ಅಂಚಿಗೆ ಬಂದೆ. ಅಷ್ಟರಲ್ಲಿ ಸಫಾರಿ ಸೂಟಿನ ಒಬ್ಬ ಮಾವನ ಬೆನ್ನು ಪರದೆ ತುಂಬ ಅಡ್ಡ ನಿಂತಿತು. ಬೆನ್ನು ಸರಿಯುವ ಹೊತ್ತಿಗೆ ಯಾರೋ ಅಕ್ಕಿ ಬಳಿದು ಆಗಿತ್ತು. ಮಾತು ಕೇಳೋಣವೆಂದರೆ ವಿಡಿಯೋದವನು ಹಾಡು ಹಾಕಿದ್ದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಆ ಮಾವ ಕೈಗೆ ಸಿಕ್ಕಿದ್ದರೆ ನನ್ನ ಮೇಲೇ ಇನ್ನೊಂದು ಫೈಲು ತೆರೆಯಬೇಕಾಗುತ್ತಿತ್ತು. ಅಧಿಕಾರಿ ಕೈಕಟ್ಟಿ, “ಇಷ್ಟೇನಾ?” ಅಂದ.

“ಟೇಪು ಇನ್ನೂ ಇದೆ,” ಅಂದರು ಹಿರಿಯರು. “ನಿಮಗೆ ಬೇರೆ ಕಡೆ ಹೋಗುವುದಿದೆಯೇ?”

ಊಟದ ಪಂಕ್ತಿ ಬಂತು. ಇಲ್ಲಿ ಹಾಡಿರಲಿಲ್ಲ, ಎಲೆ, ಸೌಟು, ಗದ್ದಲ ಎಲ್ಲ ನೇರವಾಗಿ ಕೇಳುತ್ತಿತ್ತು. ಗಂಡು ಹೆಣ್ಣು ಒಬ್ಬರಿಗೊಬ್ಬರು ತುತ್ತು ತಿನ್ನಿಸಬೇಕು. ಅದಕ್ಕೆ ಮುಂಚೆ ಒಡಪು ಹಾಕಿ, ಅಂದರೆ ಪ್ರಾಸದ ಮಾತು ಕಟ್ಟಿ, ಒಬ್ಬರು ಇನ್ನೊಬ್ಬರ ಹೆಸರು ಹೇಳಬೇಕು ಎಂದು ಹೆಂಗಸರು ಸುತ್ತುಗಟ್ಟಿದರು. ದುಭಾಷಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಮದುಮಗ ಗಂಟಲು ಸರಿಮಾಡಿಕೊಂಡು ಹೇಳಿದ:

“ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ಕರಿ, ವೈದೇಹಿ ನಕ್ಕರ ಮನಿಗೆಲ್ಲ ಅಕ್ಕರಿ.”

ದುಭಾಷಿ ಅನುವಾದ ಮಾಡುತ್ತ ಅರ್ಧಕ್ಕೆ ನಿಂತರು. ಕ್ಯಾಮೆರಾ ಮದುಮಗಳ ಕಡೆ ತಿರುಗಿತು. ಒಬ್ಬ ಅಜ್ಜಿ, “ಏ ಸುಮಾ, ಈಗ ನೀ ಹೇಳವ್ವಾ,” ಅಂದಳು. ಪಕ್ಕದ ಹೆಂಗಸು ಅಜ್ಜಿಯ ತೋಳು ಹಿಡಿದು, “ಸುಮಾ ಎಲ್ಲಿ ಅದಾಳ್ರೀ ಇನ್ನ? ಈಗ ಬರದ್ರಲ್ಲ ಅಕ್ಕಿಯೊಳಗ, ವೈದೇಹಿ ಅನ್ರಿ,” ಅಂದಳು. ಇಡೀ ಪಂಕ್ತಿ ನಕ್ಕಿತು.

ಮೀಟಿಂಗ್ ಕೋಣೆಯಲ್ಲಿ ಯಾರೂ ನಗಲಿಲ್ಲ. ದುಭಾಷಿ ಕನ್ನಡಕ ತೆಗೆದರು. “ಸರ್, ನನ್ನ ಹಿಂದಿನ ಹೇಳಿಕೆಯನ್ನು ತಿದ್ದಬೇಕು. ನಾನು ಕಂಡಿಲ್ಲ ಅಂದಿದ್ದೆ. ಈಗ ಕಂಡೆ.”

ಪರದೆಯ ಮೇಲೆ ಮದುಮಗಳು ತಲೆ ಬಗ್ಗಿಸಿದ್ದಳು. ಎಲ್ಲರೂ ಗಂಡನ ಹೆಸರು ಹೇಳು ಎಂದು ಗಂಟುಬಿದ್ದಿದ್ದರು. ಸೆರಗು ಸರಿದ ಸಪ್ಪಳ. ಮೂಗಿನಲ್ಲಿ ಸಣ್ಣ ನಗೆ. ಮೌನ. ಮತ್ತೆ ಕೇಳಿದರು. ಮತ್ತೆ ಮೌನ. ಹಿರಿಯರು ಕೈಯೆತ್ತಿ, “ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ,” ಅಂದರು. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿದರು.

“ಈ ನಗೆಯನ್ನು ನಾವಿಬ್ಬರೂ ಮೊದಲು ಕೇಳಿದ್ದೇವೆ. ನಿಮ್ಮ ಟೇಪಿನಲ್ಲಿ.”

ಅಧಿಕಾರಿಯ ಕಟ್ಟಿದ ಕೈ ಬಿಚ್ಚಿತು. ಪರದೆಯಲ್ಲಿ ಕೊನೆಗೂ ಅವಳು ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿ ಮುಗಿಸಿದಳು: “ಅಂಗಳಕ್ಕ ರಂಗೋಲಿ, ಹೊಸ್ತಿಲಕ್ಕ ಅರಿಶಿಣ, ಅನಂತರಾಯರ ಹೆಸರು ಹೇಳಾಕ ಬೇಕೇನು ಕಾರಣ?” ಹೆಂಗಸರು ಹೋ ಎಂದರು. ಗಂಡನ ಹೆಸರು ಪಾಸ್‌ಪೋರ್ಟಿನಲ್ಲಿದ್ದದ್ದೇ. ಆ ಮದುವೆ ಸುಳ್ಳು ಅಂತ ಇನ್ನು ಯಾರೂ ಹೇಳುವ ಹಾಗಿರಲಿಲ್ಲ.

“ಹೆಸರು ಮುಚ್ಚಿಡುವವರು ಊರಿಗೆಲ್ಲ ಊಟ ಹಾಕಿ, ಕ್ಯಾಮೆರಾ ಕರೆಸಿ ಮುಚ್ಚಿಡುವುದಿಲ್ಲ,” ಅಂದರು ಹಿರಿಯರು. “ಹಳೆಯ ಪಾಸ್‌ಪೋರ್ಟನ್ನು ಕೌಂಟರಿಗೆ ತಂದದ್ದೂ ಅವಳೇ. ಅಪ್ರಾಮಾಣಿಕತೆಗೆ ಪುರಾವೆ ಇಲ್ಲ. ಮೊದಲನೆಯ ಪ್ರಶ್ನೆಗೇ ಉತ್ತರ ಬಂತು.” ನನ್ನ ಕಡೆ ನೋಡಿ, “ಎರಡನೆಯದನ್ನು ಕೇಳುವ ಅಗತ್ಯವೇ ಬೀಳಲಿಲ್ಲ, ಗಮನಿಸಿದಿರಾ?” ಅಂದರು.

ಗಮನಿಸಿದ್ದೆ. ಕರುಣೆಯಿಂದ ಬಿಟ್ಟಿದ್ದರೆ ಅವಳು ಕ್ಷಮೆ ಪಡೆದ ತಪ್ಪಿತಸ್ಥಳಾಗಿ ಉಳಿಯುತ್ತಿದ್ದಳು, ಪಾಸಿನವರು ಆ ಅನುಮಾನ ಇಟ್ಟುಕೊಂಡೇ ಇರುತ್ತಿದ್ದರು. ಈಗ ಅವಳು ತಪ್ಪು ಮಾಡಿದ್ದಳೆನ್ನಲು ಏನೂ ಉಳಿದಿರಲಿಲ್ಲ. ಮೇಡಮ್ಮು ಒಂದು ವರ್ಷ ಕುಟ್ಟಿದ್ದು ಆ ಕ್ಷಣಕ್ಕೆ ಹಿಟ್ಟಾಯಿತು. ನನಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯದೆ ಟಿವಿ ಟ್ರಾಲಿಯನ್ನು ವಾಪಸು ತಳ್ಳಿಕೊಂಡು ಹೋದೆ, ಸ್ವಲ್ಪ ಜೋರಾಗಿಯೇ.

ಕೋರ್ಟಿನ ದಿನ ಹಿರಿಯರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವಳನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಎಣ್ಣೆ ಹಚ್ಚಿದ ಜಡೆ, ಸೀರೆಯ ಮೇಲೆ ದಪ್ಪ ಕೋಟು. ಹಿಂದಿನ ಬೆಂಚಿನಲ್ಲಿ ಗಂಡ ಕೈ ಹಿಸುಕಿಕೊಳ್ಳುತ್ತ ಕೂತಿದ್ದ. ಗುಮಾಸ್ತರು ಹೆಸರು ಕೇಳಿದರು. ಅವಳು ನೆಟ್ಟಗೆ ನಿಂತು ಹುಟ್ಟಿದ ಹೆಸರನ್ನು ಪೂರ್ತಿ ಹೇಳಿದಳು, ಆಮೇಲೆ ಮದುವೆಯ ಹೆಸರನ್ನು ಪೂರ್ತಿ ಹೇಳಿದಳು. ನಡುವಿನ ಗಂಡನ ಹೆಸರು ಬಂದಾಗ ಮಾತ್ರ ಧ್ವನಿ ಇಳಿಯಿತು. ಆದರೂ ಹೇಳಿದಳು. ಹಿಂದೆ ಕೂತವನು ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಹಿರಿಯರು ಎದ್ದು, ಪ್ರಾಸಿಕ್ಯೂಷನ್ ಈ ಆರೋಪವನ್ನು ಹಿಂತೆಗೆದುಕೊಳ್ಳುತ್ತಿದೆ ಎಂದರು. ಮ್ಯಾಜಿಸ್ಟ್ರೇಟರು ತಲೆಯಾಡಿಸಿ, ನೀವು ಹೋಗಬಹುದು ಎಂದರು. ಮುಗಿಯಿತು. ಮುಂದಿನ ವಾರ ಅವಳ ಪಾಸ್ ವಾಪಸು ಬಂದ ಸುದ್ದಿ ಬಂತು. ಆ ವರ್ಷದ ಪರೀಕ್ಷೆಯಲ್ಲಿ ವಿವೇಚನಾಧಿಕಾರದ ಪ್ರಶ್ನೆಯೇ ಬಂದು, ಉಳಿದವರು ತಲೆ ಕೆರೆಯುವಾಗ ನಾನು ಹೆಚ್ಚುವರಿ ಹಾಳೆ ಕೇಳಿದ್ದನ್ನು ಹೇಳದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ.

ಕೋರ್ಟಿನ ಮೆಟ್ಟಿಲ ಮೇಲೆ ಅವಳು ನನ್ನನ್ನು ತಡೆದಳು. ನಾನು ಹಿರಿಯರ ಮುಖ ನೋಡಿದೆ. ಕೇಸು ಮುಗಿದಿದೆ, ಮಾತಾಡಬಹುದು ಎಂಬಂತೆ ಅವರು ಮುಂದೆ ನಡೆದರು.

“ನೀವು ನಮ್ಮ ಕಡೆಯವರಽ ಅನಸ್ತೈತಿ. ಹೌದಲ್ರಿ, ಅಕ್ಕಾರ?”

“ಹೌದ್ರೀ. ಧಾರವಾಡ.”

ಅವಳ ಮುಖ ಅರಳಿತು. “ಅದಕ್ಕಽ ಮತ್ತ! ನಿಮ್ಮ ತವರಮನಿ ಹೆಸರೇನ್ರೀ, ಅತ್ತೀಮನಿ ಹೆಸರೇನ್ರೀ?”

ಎದೆ ಸೆಟೆಸಿ ಹೇಳಿದೆ, “ಎರಡೂ ಒಂದಽ ರೀ. ನಾ ಬದಲಿ ಮಾಡಿಕೊಳ್ಳಲಿಲ್ಲ.”

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನ್ನ ಕೈ ಹಿಡಿದು ಮೆತ್ತಗೆ ತಟ್ಟಿದಳು.

“ಅಯ್ಯ, ಪಾಪ,” ಅಂದಳು. “ನಿಮಗ ಒಂದಽ ಹೆಸರೇನ್ರೀ?”